ಕೋಗಿಲೆ ಎರಡು ಸಲ ಬಂದ ಪದಪಟ್ಟಿ

ಜನಪದ ಗೀತೆಗಳನ್ನು ವರ್ಷಗಟ್ಟಲೆ ಹಾಡಿಸಿ ಬರೆದುಕೊಂಡಿದ್ದ ನಿವೃತ್ತ ಮೇಷ್ಟ್ರೊಬ್ಬರು, ಆ ಸಂಗ್ರಹದ ಕೊನೆಗೆ ಅರ್ಥಕೋಶವೊಂದನ್ನು ಸೇರಿಸಲು ಬಯಸಿ, ಬೇರೆ ಬೇರೆ ಮಂದಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದ ಕಡತಗಳನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ನನಗೆ ತಂದುಕೊಟ್ಟರು. ಯಾವ ಪದ ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಅವರಿಗೆ ಮೊದಲು ಬೇಕಾಗಿತ್ತು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಇದು ಒಂದೇ ಸಾಲಿನ ಕೆಲಸ. ಕಡತಗಳನ್ನು ಓದಿ ಮುಂದಕ್ಕೆ ಕಳಿಸುವ ‘ಕ್ಯಾಟ್’ ಎಂಬ ಆದೇಶದಿಂದ ಹೊರಟ ಪಠ್ಯದ ಖಾಲಿ ಜಾಗಗಳನ್ನು ‘ಟಿಆರ್’ ಹೊಸ ಸಾಲುಗಳಾಗಿ ಬದಲಿಸುತ್ತದೆ, ‘ಸಾರ್ಟ್’ ಪದಗಳನ್ನು ಜೋಡಿಸುತ್ತದೆ, ‘ಯುನಿಕ್ ಮೈನಸ್ ಸಿ’ ಎಣಿಸುತ್ತದೆ. ಯುನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ ಅದಕ್ಕೂ ಮೊದಲು ಸಾರ್ಟ್ ಇರಲೇಬೇಕು. ಹೀಗೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಉಣಿಸುವ ಪೈಪ್ ಅನ್ನು, ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಸೆಯ ಮೇರೆಗೆ, ಕೆನ್ ಥಾಂಪ್ಸನ್ 1973ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಗೆ ಸೇರಿಸಿದರು. ನಾನು ದಿನವೂ ಬಳಸುವ ಸೌಲಭ್ಯಗಳಲ್ಲಿ ಇದಕ್ಕೆ ಸಾಟಿಯಾದದ್ದು ಬೇರೊಂದಿಲ್ಲ.

ಕನ್ನಡ ಪಠ್ಯದ ಮಟ್ಟಿಗೆ ಒಂದು ಎಚ್ಚರ ಅಗತ್ಯ. ಗ್ನೂ ಯೋಜನೆಯ ಟಿಆರ್ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು, ಅಂದರೆ ಅಕ್ಷರವನ್ನು ಕಂಪ್ಯೂಟರ್ ಕೂಡಿಡುವ ಸಣ್ಣ ತುಣುಕುಗಳನ್ನು, ನೋಡುತ್ತದೆ. ಪದ್ಯಗಳ ಕೊನೆಯ ಜೋಡಿ ದಂಡವನ್ನು ಅದರಿಂದ ಅಳಿಸಿದರೆ, ದಂಡಕ್ಕೂ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸಾಮಾನ್ಯವಾಗಿರುವ ಇ-ಸೊನ್ನೆ ಎಂಬ ಮೊದಲ ಬೈಟ್ ಕೂಡ ಹೋಗಿ, ಇಡೀ ಪಠ್ಯ ಹಾಳಾಗುತ್ತದೆ. ಆದ್ದರಿಂದ ವಿರಾಮ ಚಿಹ್ನೆಗಳನ್ನು, ಅಕ್ಷರಗಳನ್ನೇ ನೋಡುವ ‘ಸೆಡ್’ನಿಂದ ತೆಗೆದೆ.

ಬಂದ ಪಟ್ಟಿಯಲ್ಲಿ ‘ಕೋಗಿಲೆ’ ಎರಡು ಕಡೆ, ಬೇರೆ ಬೇರೆ ಎಣಿಕೆಯೊಂದಿಗೆ ಕುಳಿತಿತ್ತು. ಪರದೆಯ ಮೇಲೆ ಎಷ್ಟು ಹಿಗ್ಗಿಸಿ ನೋಡಿದರೂ ಎರಡರಲ್ಲಿ ಕಿಂಚಿತ್ತೂ ವ್ಯತ್ಯಾಸವಿರಲಿಲ್ಲ. ಎರಡೂ ಸಾಲುಗಳನ್ನು ಪದ ಹುಡುಕುವ ‘ಗ್ರೆಪ್’ನಿಂದ ಹೆಕ್ಕಿ, ಬೈಟ್‌ಗಳನ್ನು ಬಿಡಿಸಿ ತೋರಿಸುವ ‘ಎಕ್ಸ್‌ಎಕ್ಸ್‌ಡಿ’ಗೆ ಕೊಟ್ಟಾಗ ಸಂಗತಿ ಬಯಲಾಯಿತು: ಒಂದರಲ್ಲಿ ಓತ್ವದ ಚಿಹ್ನೆ ಒಂದೇ ಸಂಕೇತವಾಗಿ 3 ಬೈಟ್‌ಗಳಲ್ಲಿತ್ತು, ಇನ್ನೊಂದರಲ್ಲಿ ಎತ್ವ, ಊತ್ವ ಮತ್ತು ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ಒಡೆದು 9 ಬೈಟ್‌ಗಳಲ್ಲಿತ್ತು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ, ಆದರೆ ಬರಿಯ ಬೈಟ್‌ಗಳನ್ನು ಹೋಲಿಸುವ ಆದೇಶಕ್ಕೆ ಅವು ಬೇರೆ ಬೇರೆ ಪದಗಳು. ಗ್ರೆಪ್‌ನಲ್ಲಿ ಹುಡುಕುವಾಗಲೂ ಇದೇ ಕಾರಣಕ್ಕೆ ಇರುವ ಪದ ಸಿಗದೆ ಹೋಗುವುದುಂಟು. ಕನ್ನಡದಲ್ಲಿ ಕಡತಗಳನ್ನಿಟ್ಟುಕೊಂಡವರೆಲ್ಲ ಇದನ್ನು ತಿಳಿದಿರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಪರಿಹಾರ ಸುಲಭವಾಗಿತ್ತು. ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜಿನಲ್ಲಿರುವ, ಪಠ್ಯದ ರೂಪ ಬದಲಿಸುವ ‘ಯುಕಾನ್ವ್’ ಆದೇಶವನ್ನು ಕ್ಯಾಟ್ ಆದ ಕೂಡಲೇ ಪೈಪ್‌ಗೆ ಸೇರಿಸಿ, ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಜೋಡಿತ ರೂಪಕ್ಕೆ ತಂದೆ, ಕೋಗಿಲೆ ಒಂದಾಯಿತು. ಅಕ್ಷರಗಳ ಜೋಡಣೆಯನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತಗಳನ್ನೂ ತೆಗೆದೆ, ಆದರೆ ಅವು ಕೆಲವು ಪದಗಳ ಸರಿಯಾದ ರೂಪಕ್ಕೆ ಬೇಕೇಬೇಕಾದ್ದರಿಂದ, ಮೂಲವನ್ನು ಮುಟ್ಟದೆ ಎಣಿಕೆಯ ಪ್ರತಿಯಲ್ಲಿ ಮಾತ್ರ.

ಹೆಚ್ಚು ಸಲ ಬಂದ ಪದಗಳನ್ನು ಮೇಲಿಟ್ಟು ತೋರಿಸಿದೆ. ಮೇಷ್ಟ್ರು ಪಟ್ಟಿಯನ್ನು ತಿರುಗಿಸಿ ಕೊಡಲು ಹೇಳಿದರು. ಒಂದೇ ಸಲ ಬಂದ ಪದಗಳಿಗೇ ಅರ್ಥ ಬರೆಯಬೇಕಾದದ್ದು ಎಂಬುದು ಅವರ ಮಾತು, ಅದು ಸರಿಯೂ ಹೌದು. ‘ಆಕ್’ನಿಂದ ಅವುಗಳನ್ನಷ್ಟೇ ಬೇರ್ಪಡಿಸಿ, ಪ್ರತಿ ಪದಕ್ಕೂ ‘ಗ್ರೆಪ್ ಮೈನಸ್ ಎನ್’ ಕೊಟ್ಟ ಕಡತದ ಹೆಸರು, ಸಾಲಿನ ಸಂಖ್ಯೆಗಳ ಜೊತೆಗೆ ಮುದ್ರಿಸಿ ಕೊಟ್ಟೆ.