ರತ್ನಗಂಧಿ ಮೊಳೆತ ದಿನ
14 ಜೂನ್ 2025, ಶನಿವಾರ
ಚಳ್ಳಕೆರೆ

ರತ್ನಗಂಧಿ ತಲೆ ಎತ್ತಿದೆ! ಎರಡು ಕವರಿನಲ್ಲಿ ಮಾತ್ರ, ಮಿಕ್ಕವು ಇನ್ನೂ ಮಣ್ಣೊಳಗೇ ಇವೆ. ಒಂದರ ತಲೆ ಮೇಲೆ ಬೀಜದ ಸಿಪ್ಪೆ ಟೋಪಿ ಹಾಗೆ ಕೂತಿತ್ತು. ತೆಗೆಯೋಣ ಅನ್ನಿಸಿತು, ಆದರೆ ಮುಟ್ಟಲಿಲ್ಲ. ತಾನಾಗೇ ಬೀಳಲಿ.

ಕಾಯಿ ಅಮ್ಮನ ಮನೆಯಿಂದ ತಂದದ್ದು. ಒಣಗಿದ ಕಾಯಿಯ ಎರಡೂ ಹೋಳು ತಿರುಚಿಕೊಂಡು ಬೀಜವನ್ನು ದೂರ ಎಸೆಯುತ್ತವೆ. ಬಸ್ಸಿನಲ್ಲೇ ಒಂದು ಚಟ್ ಅಂತ ಸಿಡಿದು ಮುಂದಿನ ಸೀಟಿನವರು ತಿರುಗಿ ನೋಡಿದರು. ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದರೆ ನೀರು ಕೂಡ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಅದಕ್ಕೇ ಸ್ಯಾಂಡ್ ಪೇಪರಿನಲ್ಲಿ ಒಂದು ಬದಿ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿದ್ದೆ. ಬೆಳಿಗ್ಗೆ ಉಬ್ಬಿದ್ದವನ್ನೇ ಬಿತ್ತಿದ್ದು.

ಸಂಜೆ ಚಿಕ್ಕಮ್ಮ ಪುಟ್ಟಿಯನ್ನು ಕರೆದುಕೊಂಡು ಬಂದರು. ಕವರು ನೋಡಿದ ಕೂಡಲೇ, "ಇದರ ಬೀಜ ಮಕ್ಕಳ ಬಾಯಿಗೆ ಹೋಗಬಾರದು ಕಣೇ" ಅಂದರು. ನಿಜವೇ. ಆ ಮಾತಿಗೇ ನಾನು ಓದಿದ್ದನ್ನು ಹೇಳಿಬಿಟ್ಟೆ.

ಮಾರಿಯಾ ಸಿಬಿಲ್ಲಾ ಮೆರಿಯನ್ ಅಂತ ಒಬ್ಬ ಚಿತ್ರಗಾರ್ತಿ. 1699ರಲ್ಲಿ ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದವಳು. ಅಲ್ಲಿ ಡಚ್ಚರ ಕಬ್ಬಿನ ತೋಟಗಳು, ದುಡಿಯುವುದಕ್ಕೆ ಗುಲಾಮರು. 1705ರಲ್ಲಿ ಅವಳು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹೂವಿನ ಚಿತ್ರ ಇದೆ. ಪಕ್ಕದಲ್ಲೇ ಬರೆದಿದ್ದಾಳೆ: ತಮ್ಮ ಮಕ್ಕಳೂ ಗುಲಾಮರಾಗಬಾರದು ಅಂತ ಅಲ್ಲಿನ ಹೆಂಗಸರು ಈ ಬೀಜದಿಂದ ಬಸಿರು ಕಳೆದುಕೊಳ್ಳುತ್ತಿದ್ದರು. ಅವರೇ ತನಗೆ ಹೇಳಿದರು ಅಂತಲೂ ಬರೆದಿದ್ದಾಳೆ.

ಚಿಕ್ಕಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಟ್ಟೆಯಲ್ಲಿರೋದನ್ನ ಬೇಡ ಅನ್ನಬೇಕಾದರೆ ಎಷ್ಟು ನೊಂದಿರಬೇಕು ಅವರು" ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಸಾಯುವಂಥ ಅಪಾಯ ಅಲ್ವಾ ಅದು?" ನಾನು ಹೂಂ ಅಂದೆ. ಚಿಕ್ಕಮ್ಮನ ಮೊದಲ ಬಸಿರಿನ ನೋವು ನನಗೆ ಗೊತ್ತಿದೆ. ಅವರೆದುರು ಇದನ್ನು ಹೇಳಬೇಕಿತ್ತಾ ಅಂತ ಯೋಚಿಸುತ್ತಿದ್ದೆ. ಅವರೇ ಕೇಳಿದರು, "ಆ ಹೆಂಗಸರ ಹೆಸರು ಬರೆದಿದ್ದಾಳಾ?"

ಬರೆದಿಲ್ಲ. ಗಿಡದ ಹೆಸರು ಮಾತ್ರ ಇದೆ.

ಪುಟ್ಟಿಗೆ ಹಸಿವಾಗಿತ್ತು, ಮಂಡಕ್ಕಿ ಕಲಸಿ ಕೊಟ್ಟೆ. ಹೂವು ಯಾವ ಬಣ್ಣ ಅಂತ ಅವಳ ಪ್ರಶ್ನೆ. ಅಮ್ಮನ ಮನೆಯದು ಕೆಂಪು, ಅಂಚಿಗೆ ಹಳದಿ. ಬರೀ ಹಳದಿ ಬಿಡುವ ಗಿಡವೂ ಇದೆ ಅಂದೆ. ಅವಳಿಗೆ ಕೆಂಪೇ ಬೇಕಂತೆ. ಚಿಟ್ಟೆ ಬರುತ್ತಾ ಅಂತಲೂ ಕೇಳಿದಳು. ಬಂದೇ ಬರುತ್ತೆ. ಆ ಹೂವಿನ ಉದ್ದ ಕೇಸರಗಳು ಚಿಟ್ಟೆಯ ರೆಕ್ಕೆಗೇ ಪರಾಗ ಬಳಿದು ಕಳಿಸುತ್ತವೆ. ಅದನ್ನು ಅವಳಿಗೆ ತೋರಿಸಬೇಕು ಅಂತ ಈಗಲೇ ಆಸೆ.

ನಮ್ಮೂರಿನ ಬಿಸಿಲು, ಗಾಳಿಗೆ ಈ ಗಿಡ ಹೆದರಲ್ಲ. ಒಮ್ಮೆ ಬೇರು ಇಳಿದರೆ ಟ್ಯಾಂಕರ್ ನೀರಿಗೆ ಕಾಯಬೇಕಾಗಿಲ್ಲ. ನೀರು ನಿಲ್ಲುವ ಜಾಗ ಮಾತ್ರ ಆಗದು, ಹಾಗಾಗಿ ನಲ್ಲಿ ಪಕ್ಕ ಬೇಡ. ಬೇರು ಕವರಿನೊಳಗೆ ಸುತ್ತಿಕೊಳ್ಳುವ ಮೊದಲೇ ನೆಲಕ್ಕೆ ಹಾಕಬೇಕು. ಗೇಟಿನ ಹತ್ತಿರ ಒಳ್ಳೆ ಬಿಸಿಲಿದೆ, ಆದರೆ ಪುಟ್ಟಿ ದಿನಾ ಆಡುವುದೂ ಅಲ್ಲೇ. ಕಾಯಿ ಬಲಿಯುವ ಮೊದಲೇ ಕತ್ತರಿಸಿಬಿಟ್ಟರೆ ಹೇಗೆ? ಇಲ್ಲ, ಹಿತ್ತಲಲ್ಲೇ ಹಾಕಿದರೆ ಚಿಕ್ಕಮ್ಮನ ಅಡುಗೆಮನೆ ಕಿಟಕಿಗೂ ಕಾಣುತ್ತೆ, ಆದರೆ ಅವರಿಗೆ ಅದನ್ನು ದಿನಾ ನೋಡೋದು...