ಬೆಳಗ್ಗೆ ಕಾರು ಬಂದು ಹಾರ್ನ್ ಹೊಡೆಯಲ್ಲ ಅಂಕಲ್

ಎಸ್‌.ಪಿ. ರಸ್ತೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ, ಹಳೇ ಕಂಪ್ಯೂಟರ್ ಆಟವೊಂದರ ಫೈಲುಗಳನ್ನು ಹೊರತೆಗೆಸಲು ಹೋದಾಗ, ಅಂಗಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ಹೊಸದು ಫ್ರೀ ಸಿಗುತ್ತಲ್ಲಮ್ಮ, ಹಳೇದಕ್ಕೆ ಯಾಕಿಷ್ಟು ಒದ್ದಾಡ್ತೀರಾ?" ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಕೆಳಗಿನ ಮನೆ ಹುಡುಗಿ ಹೇಳಿಯೇ ಬಿಟ್ಟಳು: "ಅದ್ರಲ್ಲಿ ಬೆಳಗ್ಗೆ ಕಾರು ಬಂದು ಹಾರ್ನ್ ಹೊಡೆಯಲ್ಲ ಅಂಕಲ್."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಮುಖ ನೋಡಿದರು. ಹೊರಗೆ ಗೂಡ್ಸ್ ಆಟೊ ಒಂದು ರಸ್ತೆಗೆ ಅಡ್ಡಲಾಗಿ ನಿಂತು ಹಿಂದೆ ಹತ್ತಾರು ಗಾಡಿಗಳು ಒಟ್ಟಿಗೆ ಅರಚಿಕೊಳ್ಳುತ್ತಿದ್ದವು. "ಹಾರ್ನ್ ಬೇಕಾ ನಿಂಗೆ? ಹತ್ತು ನಿಮಿಷ ಇಲ್ಲೇ ಬಾಗಿಲಲ್ಲಿ ನಿಂತ್ಕೊ" ಅಂದರು. ಅವಳು ನಗಲಿಲ್ಲ. ತಾನು ಹೇಳಿದ್ದು ಪೂರ್ತಿ ಉತ್ತರ, ಅದಕ್ಕೆ ಸೇರಿಸುವಂಥದ್ದು ಏನೂ ಇಲ್ಲ ಅನ್ನುವ ಹಾಗೆ ಸುಮ್ಮನೆ ನಿಂತಿದ್ದಳು.

ಮಂಗಳವಾರದ ಮಾತಿದು. ಇವತ್ತು ಭಾನುವಾರ. ಅನ್ನಕ್ಕಿಡುವಾಗ, ಮೆಟ್ರೋದಲ್ಲಿ ನಿಂತಿರುವಾಗ, ಆಫೀಸಿನಲ್ಲಿ ಯಾರೋ ಏನೋ ವಿವರಿಸುತ್ತಿರುವಾಗ, ಆ ಒಂದು ವಾಕ್ಯ ಮತ್ತೆ ಮತ್ತೆ ಬಂದು ನಿಲ್ಲುತ್ತಿದೆ.

ಆಟ ದಿ ಸಿಮ್ಸ್ 2. ಸಿಮ್ ಅನ್ನುವ ಪುಟ್ಟ ಮನುಷ್ಯರಿಗೆ ಮನೆ ಕಟ್ಟಿಕೊಟ್ಟು, ಅವರ ಸಂಸಾರ ನಡೆಸುವ ಆಟ. 2004ರ ಸೆಪ್ಟೆಂಬರಿನಲ್ಲಿ ಬಂದದ್ದು. ಈ ಹುಡುಗಿ ಬಿಕಾಂ ಎರಡನೇ ವರ್ಷ, ಅಂದರೆ ಆಟ ಬಂದಾಗ ಇವಳಿನ್ನೂ ಹುಟ್ಟಿರಲಿಲ್ಲ. ಕಳೆದ ವರ್ಷ, 2025ರ ಜನವರಿ ಕೊನೆಯಲ್ಲಿ, ಸಿಮ್ಸ್ ಸರಣಿಗೆ 25 ವರ್ಷ ತುಂಬಿತೆಂದು ಕಂಪನಿಯವರು ಹಳೆಯ ಎರಡು ಆಟಗಳನ್ನೂ ಮತ್ತೆ ಮಾರಾಟಕ್ಕಿಟ್ಟರಲ್ಲ, ಆಗ ಕೊಂಡು ಶುರು ಮಾಡಿದವಳು. ನನ್ನ ಹತ್ತಿರ ಹಳೇ ಡೆಸ್ಕ್‌ಟಾಪ್ ಅಟ್ಟದ ಮೇಲಿದೆ, ಅದರಲ್ಲಿ ನಾನು ಕಟ್ಟಿದ ಊರಿದೆ ಅಂತ ಮಾತಿಗೆ ಹೇಳಿದ್ದೇ ಹೇಳಿದ್ದು, ಅವತ್ತಿನಿಂದ ಬಿಡಲಿಲ್ಲ. "ಆಂಟಿ, ಅದು ಇನ್ನೂ ಇರುತ್ತೆ. ಡಿಸ್ಕ್ ತಿರುಗಿದರೆ ಸಾಕು." ಕೊನೆಗೆ ಕ್ಯಾಬಿನೆಟ್ ಇಳಿಸಿ, ಡಿಸ್ಕ್ ಬಿಚ್ಚಿ, ಟವಲಿನಲ್ಲಿ ಸುತ್ತಿಕೊಂಡು, ರಾಜಾಜಿನಗರದಲ್ಲಿ ಹಸಿರು ಲೈನ್ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು.

ಅಂಗಡಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅಗಲದ ಪಟ್ಟಿ ಕೇಬಲ್ ಹಾಕುವ ಹಳೆಯ ಐಡಿಇ ಡಿಸ್ಕ್ ಅದು. ಈ ರಸ್ತೆಯಲ್ಲೇ ಎರಡು ಮೂರು ಕಡೆ ನೋಡಿದ ಕೂಡಲೇ ಕೈಯಾಡಿಸಿ ಕಳಿಸಿದ್ದರು. ಇವರು ಮಾತ್ರ ಕೈಗೆ ತೆಗೆದುಕೊಂಡರು. "ಬರೀ ಯುಎಸ್‌ಬಿ ಸಾಲಲ್ಲ, ಇದಕ್ಕೆ 12 ವೋಲ್ಟ್ ಬೇರೆ ಕೊಡಬೇಕು" ಅಂತ ಡ್ರಾಯರಿನಿಂದ ತಮ್ಮದೇ ಅಡಾಪ್ಟರ್ ತೆಗೆದು, ಜೋಡಿಸಿ, ಕಿವಿ ಹತ್ತಿರ ಹಿಡಿದು ಕೇಳಿದರು. "ತಿರುಗ್ತಾ ಇದೆ." ಆಮೇಲೆ "ಬೇಕಾದ ಫೈಲ್ ಮಾತ್ರ ಕಾಪಿ ಮಾಡ್ಕೊಳ್ಳಿ, ಹಳೇ ಡಿಸ್ಕಿಗೆ ಜಾಸ್ತಿ ಕೆಲಸ ಕೊಡಬೇಡಿ" ಅಂದರು. ಹುಡುಗಿ ಒಪ್ಪಲಿಲ್ಲ. ನೇಬರ್‌ಹುಡ್ಸ್ ಫೋಲ್ಡರ್, ಅಂದರೆ ಊರು ಪೂರ್ತಿ ಇರುವ ಫೋಲ್ಡರ್, ಇಡಿಯಾಗಿ ಬೇಕು ಅಂದಳು.

ಅವಳು ಹೇಳಿದ್ದೇ ಸರಿ. ಆ ಆಟದಲ್ಲಿ ಪ್ರತಿ ಸಿಮ್‌ಗೂ ಒಂದೊಂದು ಫೈಲ್, ಒಬ್ಬರ ನೆನಪಿನಲ್ಲಿ ಇನ್ನೊಬ್ಬರು. ಮೊದಲ ಮುತ್ತು, ಮಗು ನಡೆಯಲು ಕಲಿತದ್ದು, ಅಜ್ಜಿ ಸತ್ತದ್ದು, ಎಲ್ಲವೂ ನೆನಪಿನ ಪಟ್ಟಿಯಲ್ಲಿ ಉಳಿಯುತ್ತದೆ. ಸತ್ತವರ ಸಮಾಧಿಕಲ್ಲು ಬೇಡವೆಂದು ಅಳಿಸಿದರೆ, ಅವರನ್ನು ನೆನಪಿಟ್ಟುಕೊಂಡವರ ಕಡತಗಳೂ ನಿಧಾನವಾಗಿ ಕೆಡುತ್ತಾ ಬಂದು ಕೊನೆಗೆ ಊರಿಗೆ ಊರೇ ಹಾಳಾಗುತ್ತದೆ. ಇದನ್ನು ಡಬ್ಬಿಯ ಜೊತೆ ಬಂದ ಪುಸ್ತಕ ಹೇಳಿಕೊಟ್ಟದ್ದಲ್ಲ. ಆಡುವವರೇ ಊರು ಕಳೆದುಕೊಂಡು, ಫೈಲುಗಳನ್ನು ಬಿಚ್ಚಿ ನೋಡಿ, ಕಾರಣ ಪತ್ತೆ ಮಾಡಿ, ಒಬ್ಬರಿಗೊಬ್ಬರು ಹೇಳಿಕೊಂಡದ್ದು. ಬಿಚ್ಚಿ ನೋಡುವುದಕ್ಕೆ ಸಿಮ್‌ಪಿಇ ಅನ್ನುವ ಸಾಧನವನ್ನೂ ಅಭಿಮಾನಿಗಳೇ ಬರೆದರು. ಹತ್ತೊಂಬತ್ತರ ಹುಡುಗಿಗೆ ಇದೆಲ್ಲ ಬಾಯಿಪಾಠ. ಅವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಅವರಿಗೆ ಇನ್ನ್ಯಾರೋ. ಒಬ್ಬರಿಗೂ ಇದರಿಂದ ಒಂದು ರೂಪಾಯಿ ಹುಟ್ಟಿಲ್ಲ.

ಇನ್ನು ಹಾರ್ನಿನ ವಿಷಯ.

ಸಿಮ್ಸ್ 2ರಲ್ಲಿ ಕೆಲಸಕ್ಕೆ ಹೋಗುವವರಿಗೆ ಕೆಲಸದ ಹೊತ್ತಿಗೆ ಒಂದು ಗಂಟೆ ಮುಂಚೆ ಕಾರು ಬರುತ್ತದೆ. ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆಯುತ್ತದೆ. ಒಳಗೆ ಯಜಮಾನ ಇನ್ನೂ ಸ್ನಾನದಲ್ಲಿ. ಮಗು ಅಳುತ್ತಿದೆ. ಒಲೆಯ ಮೇಲೆ ಏನೋ ಸೀಯುತ್ತಿದೆ. ಮಕ್ಕಳಿಗೆ ಹಳದಿ ಸ್ಕೂಲ್ ಬಸ್ಸು ಬೇರೆ. ಯಾರನ್ನು ಮೊದಲು ಓಡಿಸಬೇಕು, ಯಾರು ಖಾಲಿ ಹೊಟ್ಟೆಯಲ್ಲಿ ಹೋದರೂ ನಡೆಯುತ್ತದೆ ಅಂತ ನಾವು ಆ ಸ್ವಲ್ಪ ಹೊತ್ತಿನಲ್ಲಿ ತೀರ್ಮಾನ ಮಾಡಬೇಕು. ತಪ್ಪಿಸಿಕೊಂಡರೆ ಕಾರು ಹೋಗಿಬಿಡುತ್ತದೆ. ಸಂಜೆ ಅದೇ ಕಾರು ವಾಪಸು ತಂದು ಬಿಡುತ್ತದೆ, ಕೆಲವು ದಿನ ಜೊತೆಯಲ್ಲಿ ಸಹೋದ್ಯೋಗಿಯೊಬ್ಬರೂ ಇಳಿಯುತ್ತಾರೆ.

ಅಂಗಡಿಯವರು ಫ್ರೀ ಅಂದ ಹೊಸದು ಸಿಮ್ಸ್ 4. ಅದರಲ್ಲಿ ಕಾರೇ ಇಲ್ಲ. ಹೊತ್ತಾದಾಗ ಸಿಮ್ ನಡೆದುಕೊಂಡು ಹೋಗಿ ಕಾಣೆಯಾಗುತ್ತಾನೆ, ಹೊತ್ತಾದಾಗ ಪ್ರತ್ಯಕ್ಷನಾಗುತ್ತಾನೆ. ಅದು ಕೆಟ್ಟ ಆಟವಲ್ಲ. ನೋಡಲು ಚೆಂದ, ಮನೆ ಕಟ್ಟಲು ಬಲು ಸುಲಭ, 2022ರ ಅಕ್ಟೋಬರಿನಿಂದ ಮೂಲ ಆಟ ಉಚಿತ. ಆದರೆ 2014ರಲ್ಲಿ ಬಂದಾಗ ಅದರಲ್ಲಿ ಅಂಬೆಗಾಲಿನ ಮಕ್ಕಳೇ ಇರಲಿಲ್ಲ. ತೊಟ್ಟಿಲ ಕೂಸು ಒಮ್ಮೆಲೇ ಶಾಲೆಗೆ ಹೋಗುವ ಮಗುವಾಗುತ್ತಿತ್ತು. ಅವುಗಳನ್ನು ಸೇರಿಸಿದ್ದು 2017ರಲ್ಲಿ. ಮಗುವಿಗೆ ನಡೆಯಲು ಕಲಿಸುವುದು, ಮಾತು ಕಲಿಸುವುದು, ಪುಟ್ಟ ಕಮೋಡಿನ ಮೇಲೆ ಕೂರಿಸುವುದು, ಇವನ್ನು ತೆಗೆದು ಆಟ ಕೊಡಬಹುದು ಅಂತ ಅನ್ನಿಸಿತಲ್ಲ ಯಾರಿಗೋ, ಅದು ನನಗೆ ಇವತ್ತಿಗೂ ಅರಗಿಲ್ಲ. ಸಿಮ್ಸ್ ಆಡುವವರಲ್ಲಿ ಹೆಂಗಸರು ಹೆಚ್ಚು ಅನ್ನುವುದು ಮೊದಲಿನಿಂದ ಎಲ್ಲರಿಗೂ ಗೊತ್ತಿರುವ ವಿಷಯ. ನಮಗೆ ಕಾಣಿಸುವುದೇ ಈ ಕೆಲಸಗಳು.

ಅಂಗಡಿಯಿಂದ ಬಂದು ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮನೆಯವರು ನಕ್ಕು ಟಿವಿ ಕಡೆ ತಿರುಗಿದರು. ಅವರಿಗೆ ಆಟ ಅಂದರೆ ಗೆದ್ದು ಮುಗಿಸಿ ಏಳುವಂಥದ್ದು. ಅಪ್ಪ ಮಾತ್ರ ಕನ್ನಡಕ ತೆಗೆದು ಪೇಪರಿನ ಮೇಲಿಟ್ಟು ಕೇಳಿದರು, "ಹಾರ್ನ್ ಹೊಡೆದ ಮೇಲೆ ಎಷ್ಟು ಹೊತ್ತು ಕಾಯುತ್ತೆ?"

"ಒಂದು ಗಂಟೆ ತಾತ" ಅಂದಳು ಜೊತೆಗೇ ಬಂದಿದ್ದ ಹುಡುಗಿ.

"ಒಂದು ಗಂಟೆ! ನಮ್ಮ ಬಸ್ಸು ಒಂದು ನಿಮಿಷದ ಮೇಲೆ ನಿಲ್ತಿರಲಿಲ್ಲ."

"ಆಟದ ಒಂದು ಗಂಟೆ ಅಂದ್ರೆ ನಮ್ಮ ಒಂದೇ ನಿಮಿಷ ತಾತ."

"ಹಂಗಾದ್ರೆ ಸರಿ" ಅಂದರು ಅಪ್ಪ, ಲೆಕ್ಕ ತಾಳೆಯಾದ ಸಮಾಧಾನದಲ್ಲಿ.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ಬಸ್ಸು ನಮ್ಮ ಬೀದಿಯ ತಿರುವಿಗೆ ಬಂದು ಹಾರ್ನ್ ಹೊಡೆಯುವ ಹೊತ್ತಿಗೆ ಅಮ್ಮ ಟಿಫಿನ್ ಕ್ಯಾರಿಯರಿನ ಕೊಕ್ಕೆ ಒತ್ತುತ್ತಿರುತ್ತಿದ್ದಳು. ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿರುತ್ತಿದ್ದರು. ನಾನು ಗೇಟು ತೆಗೆದು ಹಿಡಿದಿರುತ್ತಿದ್ದೆ. ಬಸ್ಸು ಹೋದ ಮೇಲೆ ಅಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ಆರಿದ ಕಾಫಿ ಕುಡಿಯುತ್ತಿದ್ದಳು. ಆ ಒಂದು ನಿಮಿಷಕ್ಕಾಗಿ ಅವಳು ಐದು ಗಂಟೆಗೆ ಎದ್ದಿರುತ್ತಿದ್ದಳು. ಮುಂದೆ ಅದೇ ಕಾರ್ಖಾನೆ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜನತಾ, ಪೈಲಟ್ ವಾಚುಗಳನ್ನು ಹುಡುಕಿ ಕೊಂಡು, ಸರ್ವಿಸ್ ಮಾಡಿಸಿ, ದಿನಾ ಕೀಲಿ ಕೊಟ್ಟು ಕಟ್ಟಿಕೊಳ್ಳುವವರು ಮಾತ್ರ ಇನ್ನೂ ಇದ್ದಾರೆ. ಈ ಆಟದ ಮಂದಿಯೂ ಅವರ ಹಾಗೆಯೇ. ಮಾಡಿದವರು ಕೈಬಿಟ್ಟ ಮೇಲೆ ಇಟ್ಟುಕೊಂಡವರು ನಡೆಸುತ್ತಿರುವುದು.

ಹೇಗೆ ನಡೆಸುತ್ತಾರೆ ಅನ್ನುವುದನ್ನು ಈ ವಾರ ಪಕ್ಕದಲ್ಲಿ ಕೂತು ನೋಡಿದೆ. ಆಟ ತನಗೆ ಗೊತ್ತಿರುವ ಗ್ರಾಫಿಕ್ಸ್ ಕಾರ್ಡುಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಅದು ಆ ಕಾಲದ ಪಟ್ಟಿ. ಹೊಸ ಕಾರ್ಡಿನ ಹೆಸರು ಅದರಲ್ಲಿ ಇರದಿದ್ದರೆ ಪರದೆಯನ್ನು ಕಡಿಮೆ ದರ್ಜೆಗೆ ಇಳಿಸಿಬಿಡುತ್ತದೆ. ಅದಕ್ಕೆ ಹೆಸರು ಸೇರಿಸಿಕೊಡುವ ಪುಟ್ಟ ಪ್ರೋಗ್ರಾಂ ಒಬ್ಬ ಅಭಿಮಾನಿಯದು. ಮೆಮೊರಿ ಲೆಕ್ಕ ತಪ್ಪಿದರೆ ಗೋಡೆ, ನೆಲ, ಮನುಷ್ಯರು ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಸ್ವಲ್ಪ ಹೊತ್ತಿಗೆ ಆಟ ಕ್ರ್ಯಾಶ್. ಅದಕ್ಕೂ ಮದ್ದು ಕಂಡುಹಿಡಿದವರು ಆಡುವವರೇ. ಕಂಪನಿ ಈ ಆಟಕ್ಕೆ ಕೊನೆಯ ಹೆಚ್ಚುವರಿ ಪ್ಯಾಕುಗಳನ್ನು ತಂದದ್ದು 2008ರಲ್ಲಿ. 2014ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಕೆಲವು ದಿನ ಪುಕ್ಕಟೆ ಹಂಚಿತು. ಆಮೇಲೆ ಸುಮಾರು ಹತ್ತು ವರ್ಷ ಕೊಳ್ಳುತ್ತೇನೆಂದರೂ ವಿಂಡೋಸ್ ಕಂಪ್ಯೂಟರಿಗೆ ಕಂಪನಿಯಿಂದ ಹೊಸ ಪ್ರತಿ ಇಲ್ಲ. ಆ ಹತ್ತು ವರ್ಷವನ್ನು ದಾಟಿಸಿದ್ದು ಈ ಜನ. ಕೊಳ್ಳುವವರು ಇನ್ನೂ ಇದ್ದಾರೆ ಅಂತ ಗೊತ್ತಿದ್ದದ್ದಕ್ಕೇ ತಾನೆ 2025ರಲ್ಲಿ ಮತ್ತೆ ಮಾರಿದ್ದು?

ಹೊಸದು ಫ್ರೀ ಇದೆಯಲ್ಲ ಅನ್ನುವ ಪ್ರಶ್ನೆ ಆಟಕ್ಕೆ ಮಾತ್ರ ಕೇಳುವಂಥದ್ದಲ್ಲ. ನಮ್ಮ ಬೀದಿಯ ಕೆಂಪು ಹೆಂಚಿನ ಮನೆಗಳನ್ನು ಒಂದೊಂದಾಗಿ ಕೆಡವುವಾಗ ಇದನ್ನೇ ಕೇಳಿದರು, ಹೊಸ ಫ್ಲಾಟು ಬರುತ್ತಲ್ಲ ಅಂತ. ಮಿಕ್ಸಿ ಕೆಟ್ಟರೆ, ಫೋನಿನ ಬ್ಯಾಟರಿ ಹೋದರೆ, ಇದೇ ಮಾತು. ಈ ಊರಲ್ಲಿ ಹಳೆಯದನ್ನು ರಿಪೇರಿ ಮಾಡಿಕೊಂಡು ಬಾಳುವುದನ್ನು ಜನ ಬಡತನ ಅಂದುಕೊಳ್ಳುತ್ತಾರೆ, ಇಲ್ಲ ಹುಚ್ಚು ಅಂದುಕೊಳ್ಳುತ್ತಾರೆ. ಆ ಅಂಗಡಿಯವರೂ ಹಾಗೆ ಕೇಳಿದರಲ್ಲ ಅಂತ ನನಗೆ ಹೆಚ್ಚು ಬೇಸರ. ಬೇರೆಯವರು ಕೈಯಾಡಿಸಿ ಕಳಿಸಿದ ಡಿಸ್ಕನ್ನು ಕಿವಿಗಿಟ್ಟು ಕೇಳಿದ ಮನುಷ್ಯ ಅವರು. ಅವರ ಡ್ರಾಯರಿನಲ್ಲಿ ಯಾರಿಗೂ ಬೇಡದ ಕೇಬಲ್ಲುಗಳು, ಎಂದೋ ಯಾರಿಗೋ ಬೇಕಾದೀತು ಅಂತ ಎತ್ತಿಟ್ಟವು. ಅವರಿಗೂ ಸಿಮ್‌ಪಿಇ ಬರೆದವರಿಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಡಾಪ್ಟರಿಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಕೆಲಸ ಆದ ಮೇಲೆ ತಂದುಕೊಡಿ ಅಂದರು. ನಾಳೆ ಕೊಡಲು ಹೋಗುತ್ತೇನೆ. ಅವರ ಪ್ರಶ್ನೆಗೆ ಅವರ ಡ್ರಾಯರೇ ಉತ್ತರ ಅಂತ ಹೇಳಿ ಬರಬೇಕು ಅಂತಿದೆ.

ಊರು ತೆರೆಯಿತು. ಹಳೆಯ ಫೋಲ್ಡರನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿ, ಬ್ಯಾಕಪ್ ಇಟ್ಟುಕೊಂಡು, ಒಂದೊಂದೇ ಮನೆಯ ಬಾಗಿಲು ತೆಗೆದೆವು. ಸಿಮ್ಸ್ 2ರಲ್ಲಿ ನಾವು ಆಡುವ ಮನೆಯಲ್ಲಿ ಮಾತ್ರ ವಯಸ್ಸಾಗುತ್ತದೆ, ಮಿಕ್ಕ ಮನೆಗಳಲ್ಲಿ ಕಾಲ ನಿಂತಿರುತ್ತದೆ. ಆಗೆಲ್ಲ ಕರೆಂಟು ಹೋಗುತ್ತಿತ್ತು, ಆಟ ತಾನಾಗಿ ಸೇವ್ ಆಗುತ್ತಿರಲಿಲ್ಲ, ಯುಪಿಎಸ್ ಕೂಗತೊಡಗಿದ ಕೂಡಲೇ ಸೇವ್ ಒತ್ತುತ್ತಿದ್ದೆ. ಹಾಗಾಗಿ ನನ್ನ ಊರಿನ ಜನ ಯಾವ್ಯಾವುದೋ ಕೆಲಸದ ನಡುವೆ ನಿಂತಿದ್ದಾರೆ. ಒಬ್ಬಳು ತೊಳೆಯದ ತಟ್ಟೆ ಹಿಡಿದಿದ್ದಾಳೆ. ಒಬ್ಬ ಹುಡುಗ ಹೋಂವರ್ಕ್ ಮುಂದೆ ಕೂತಿದ್ದಾನೆ. ಅವನ ಮೂಗು ಅವನ ಅಜ್ಜಿಯದು. ಮೂಗು, ಕಣ್ಣು ತಲೆಮಾರು ದಾಟಿ ಬರುವ ಹಾಗೆ ಮಾಡಿದ್ದು ಈ ಆಟದ ದೊಡ್ಡ ಸಾಧನೆ. ಇದನ್ನು ನಂಬಿಯೇ ಆಡುವವರು ಲೆಗಸಿ ಚಾಲೆಂಜ್ ಕಟ್ಟಿಕೊಂಡದ್ದು: ಖಾಲಿ ಸೈಟಿನಲ್ಲಿ ಒಬ್ಬ ಸಿಮ್, ಅಲ್ಲಿಂದ ಹತ್ತು ತಲೆಮಾರು.

ಅಪ್ಪನೂ ಕುರ್ಚಿ ಎಳೆದುಕೊಂಡು ಕೂತರು. ಒಂದು ಮನೆಯಲ್ಲಿ ಮಂಗಳವಾರ, ಪಕ್ಕದ ಮನೆಯಲ್ಲಿ ಶುಕ್ರವಾರ ಇರುವುದು ಅವರ ಕಣ್ಣಿಗೆ ಬಿತ್ತು. ಗಡಿಯಾರ ಮಾಡಿದವರಿಗೆ ಅದು ಸಹಿಸಲಿಲ್ಲ. "ಒಂದೇ ಬೀದಿ ತಾನೆ? ಇವರು ಮದುವೆಗೆ ಕರೆದರೆ ಅವರು ಯಾವತ್ತು ಬರಬೇಕು?"

"ಯಾವತ್ತು ಕರೆದರೂ ಬರ್ತಾರೆ ತಾತ. ಆದ್ರೂ ಸರಿ ಮಾಡ್ತೀನಿ" ಅಂದಳು ಅವಳು. ನೋಟ್‌ಬುಕ್ ತೆಗೆದು ಮನೆಗಳ ಪಟ್ಟಿ ಬರೆದು, ಪ್ರತಿ ಮನೆಯ ಮುಂದೆ ಅಲ್ಲಿಯ ವಾರ ಗುರುತು ಹಾಕಿಕೊಂಡಳು. ರೊಟೇಶನ್ ಅಂತಾರೆ ಇದನ್ನು: ಒಂದು ಮನೆ ಸ್ವಲ್ಪ ದಿನ, ಆಮೇಲೆ ಇನ್ನೊಂದು, ಯಾರೂ ಮುಂದೆ ಹೋಗದಂತೆ, ಯಾರೂ ಹಿಂದೆ ಬೀಳದಂತೆ. ಹಿಂದುಳಿದ ಮನೆಗಳನ್ನು ಅವಳು ಮೊದಲು ಆಡುತ್ತಾಳಂತೆ. ತಟ್ಟೆ ಹಿಡಿದವಳ ಮನೆ ನನ್ನ ಪಾಲಿಗೆ ಬಂದಿದೆ, ಶುಕ್ರವಾರದವರೆಗೆ ತರಬೇಕು. ಯಾವ ಮನೆ ಎಲ್ಲಿಗೆ ಬಂತು ಅಂತ ಟಿಕ್ ಹಾಕುವ ಕೆಲಸ ಅಪ್ಪನದು.