ದೇವರ ಹೆಸರನ್ನು ಎತ್ತುವ ಮುನ್ನ

ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎಂಬ ಆಜ್ಞೆ ಎಂದ ಕೂಡಲೇ ನಮ್ಮ ಸಭೆಗಳಲ್ಲಿ ಬಹಳ ಜನರಿಗೆ ನೆನಪಾಗುವುದು ಬಾಯಿಮಾತು. ಸಿಟ್ಟಿನಲ್ಲಿ ಯೇಸುವಿನ ಹೆಸರು ತರಬಾರದು, ಮಾತುಮಾತಿಗೂ ‘ದೇವ್ರಾಣೆ’ ಅನ್ನಬಾರದು ಎಂದು ಭಾನುವಾರ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇವೆ, ಪಾಠ ಅಲ್ಲಿಗೆ ಮುಗಿಯುತ್ತದೆ. ಕಲಿಸುವುದೇನೋ ಸರಿ. ಆದರೆ ತನ್ನ ಹೆಸರಿಗೆ ಕಳಂಕ ಬಂತೆಂದು ದೇವರು ನೊಂದು ಹೇಳುವ ವಚನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನೋಡಿ. ಬಾಯಿತಪ್ಪಿ ಬಂದ ಮಾತು ಅಲ್ಲಿ ಸಿಗುವುದೇ ಅಪರೂಪ. ಯಾಜಕಕಾಂಡದಲ್ಲಿ ಸುಳ್ಳು ಪ್ರಮಾಣ, ಆಮೋಸನಲ್ಲಿ ಬಡವರ ಮೇಲಿನ ದಬ್ಬಾಳಿಕೆ, ಯೆರೆಮೀಯನಲ್ಲಿ ಮಾತು ಮುರಿದ ಯಜಮಾನರು, ಮಲಾಕಿಯನಲ್ಲಿ ಬಲಿಪೀಠಕ್ಕೆ ತಂದ ಕುಂಟು, ಕುರುಡು, ರೋಗದ ಪಶುಗಳು. ಇವೇ ಸಿಗುತ್ತವೆ.

ಹತ್ತು ಆಜ್ಞೆಗಳಲ್ಲಿ ಹೆಚ್ಚಿನ ಪ್ರೊಟೆಸ್ಟಂಟ್ ಸಭೆಗಳ ಎಣಿಕೆಯಂತೆ ಇದು ಮೂರನೆಯ ಆಜ್ಞೆ, ಕಥೋಲಿಕರ ಮತ್ತು ಲುಥೆರನ್ನರ ಎಣಿಕೆಯಲ್ಲಿ ಎರಡನೆಯದು. ವಚನ ಒಂದೇ, ವಿಮೋಚನಕಾಂಡ 20:7. ಮಕ್ಕಳಿಗೆ ಕಲಿಸುವಾಗ ಈ ಎಣಿಕೆಯ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೆರೆಮನೆಯ ಮಕ್ಕಳ ಜೊತೆ ಸುಮ್ಮನೆ ವಾದಕ್ಕೆ ಬೀಳುತ್ತಾರೆ.

ಯಾಜಕಕಾಂಡ 19ನ್ನು 11ರಿಂದ 13ರವರೆಗೆ ಒಂದೇ ಉಸಿರಿನಲ್ಲಿ ಓದಬೇಕು. ಕದಿಯಬೇಡಿ, ಮೋಸ ಮಾಡಬೇಡಿ, ಸುಳ್ಳಾಡಬೇಡಿ. ನನ್ನ ಹೆಸರಿನ ಮೇಲೆ ಸುಳ್ಳಾಣೆ ಇಡಬೇಡಿ. ಕೂಲಿಯವನ ಕೂಲಿ ಮರುದಿನ ಬೆಳಗಿನವರೆಗೆ ನಿಮ್ಮ ಹತ್ತಿರ ಇರಬಾರದು. ದೇವರ ಹೆಸರಿನ ಮಾತು ಕಳ್ಳತನಕ್ಕೂ ಕೂಲಿಗೂ ನಡುವೆ ಬಂದಿದೆ. ಹಾಗಾಗಿ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ಒಂದನೇ ತಾರೀಕು ಎಂದು ಹೇಳಿ ಎಂಟನೇ ತಾರೀಕು ಸಂಬಳ ಕೊಡುವ ಅಭ್ಯಾಸವಿದ್ದರೆ, ಅದನ್ನು ಮನೆವಾರ್ತೆಯ ಸಣ್ಣ ವಿಷಯ ಎಂದು ಬದಿಗಿಡಲು ಬರುವುದಿಲ್ಲ. ಗೋಡೆಯ ಮೇಲಿನ ವಚನದ ಕ್ಯಾಲೆಂಡರನ್ನು ಆಕೆ ದಿನವೂ ನೋಡುತ್ತಿರುತ್ತಾಳೆ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾದ ಪಾಠವೆನಿಸುವುದು ಯೆರೆಮೀಯ 34. ಇದನ್ನು ಪ್ರಸಂಗದಲ್ಲಿ ಎತ್ತಿಕೊಳ್ಳುವುದು ತೀರಾ ಕಡಿಮೆ. ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಇಬ್ರಿಯ ಆಳನ್ನು ಆರು ವರ್ಷ ದುಡಿಸಿಕೊಂಡು ಏಳನೆಯ ವರ್ಷ ಬಿಟ್ಟುಬಿಡಬೇಕು ಎಂಬ ನಿಯಮ ಮೊದಲಿನಿಂದಲೂ ಇತ್ತು, ಹಿರಿಯರು ಪಾಲಿಸಿರಲಿಲ್ಲ. ಈಗ ಜೀವಭಯ ಬಂದಾಗ ಅರಸ ಚಿದ್ಕೀಯನೂ ಪ್ರಧಾನರೂ ಜನರೂ ಆಲಯದಲ್ಲಿ ಒಡಂಬಡಿಕೆ ಮಾಡಿದರು. ಮಾತು ಮುರಿದರೆ ನಮಗೂ ಇದೇ ಗತಿಯಾಗಲಿ ಎಂಬಂತೆ ಕರುವನ್ನು ಎರಡು ಹೋಳು ಮಾಡಿ ಅವುಗಳ ನಡುವೆ ಹಾದುಹೋದರು. ಗಂಡಾಳು, ಹೆಣ್ಣಾಳು ಎಲ್ಲರನ್ನೂ ಬಿಟ್ಟರು. ಅಷ್ಟರಲ್ಲಿ ಫರೋಹನ ಸೈನ್ಯ ಐಗುಪ್ತದಿಂದ ಹೊರಟ ಸುದ್ದಿಗೆ ಬಾಬೆಲಿನವರು ಮುತ್ತಿಗೆ ಸಡಿಲಿಸಿ ಹಿಂದೆ ಸರಿದರು. ಯಜಮಾನರು ಮನಸ್ಸು ಬದಲಿಸಿ ಬಿಟ್ಟ ಆಳುಗಳನ್ನೇ ಮತ್ತೆ ಹಿಡಿದು ತಂದರು. ಆಗ ದೇವರು ಹೇಳಿದ್ದು: ನೀವು ನನ್ನ ಹೆಸರನ್ನು ಕೆಡಿಸಿದಿರಿ. ಗಮನಿಸಿ, ಅಲ್ಲಿ ಯಾರೂ ದೇವದೂಷಣೆ ಮಾಡಿರಲಿಲ್ಲ. ಆಲಯದಲ್ಲಿ ಕೊಟ್ಟ ಮಾತನ್ನು ಅಪಾಯ ದಾಟಿದ ಮೇಲೆ ಮುರಿದಿದ್ದರು, ಮತ್ತು ಅದರ ಪೆಟ್ಟು ಬಿದ್ದದ್ದು ಬಿಡುಗಡೆಯ ರುಚಿ ಕಂಡಿದ್ದ ಆಳುಗಳ ಮೇಲೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಾವು ಹೊತ್ತುಕೊಳ್ಳುವ ಹರಕೆಗಳಿಗೂ ಈ ಅಧ್ಯಾಯ ನೇರವಾಗಿ ತಾಗುತ್ತದೆ. ಹರಕೆ ಹೊರುವಾಗ ಏನು, ಯಾರಿಗೆ, ಯಾವಾಗ ಎಂದು ಅದೇ ದಿನ ಬರೆದು ಮನೆಯ ಇನ್ನೊಬ್ಬರಿಗೆ ತೋರಿಸಿ. ಬರೆಯಲು ಹಿಂಜರಿಕೆಯಾದರೆ ಹರಕೆಯನ್ನೇ ಹೊರಬೇಡಿ, ಹರಕೆ ಮಾಡದಿದ್ದರೆ ಪಾಪವಿಲ್ಲ ಎಂದು ಧರ್ಮೋಪದೇಶಕಾಂಡ 23:22 ಸ್ಪಷ್ಟವಾಗಿ ಹೇಳುತ್ತದೆ.

ಆಣೆಯ ವಿಷಯಕ್ಕೆ ಬಂದರೆ, ದಿನನಿತ್ಯದ ಮಾತಿನಲ್ಲಿ ಕರ್ತನ ಮಾತು ಖಚಿತ: ಹೌದಾದರೆ ಹೌದು, ಅಲ್ಲವಾದರೆ ಅಲ್ಲ (ಮತ್ತಾಯ 5:37). ‘ಬೈಬಲ್ ಮುಟ್ಟಿ ಹೇಳ್ತೀನಿ’, ‘ನನ್ನ ಮಕ್ಕಳ ಮೇಲಾಣೆ’ ಎರಡನ್ನೂ ಬಿಡಬೇಕು, ಮಕ್ಕಳಿಂದ ಆಣೆ ಮಾಡಿಸುವುದನ್ನಂತೂ ಪೂರ್ತಿ ನಿಲ್ಲಿಸಬೇಕು. ಕೋರ್ಟಿನ ಪ್ರಶ್ನೆ ಬೇರೆ. ಸರ್ಕಾರ ಕೇಳಿದಾಗ ಸತ್ಯಕ್ಕಾಗಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಎನ್ನುತ್ತದೆ ರಿಫಾರ್ಮ್ಡ್ ಸಭೆಗಳ ಬೋಧನಾ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ. ಮೆನೊನೈಟ್, ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಅದನ್ನೂ ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕಾಗಿ ಯಾರೂ ತೊಳಲಾಡಬೇಕಿಲ್ಲ. 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ ಸಾಕ್ಷಿದಾರರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ಹೆಸರೆತ್ತದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ಕಾನೂನಿನಲ್ಲಿ ಒಂದೇ ತೂಕ. ಮನಸ್ಸಾಕ್ಷಿ ಅಳುಕಿದರೆ ಕಟಕಟೆ ಹತ್ತುವ ಮುಂಚೆಯೇ ವಕೀಲರಿಗೆ ತಿಳಿಸಿ.

ಈಗ ನಮ್ಮ ಸಭೆಗಳ ಒಳಗಿನ ಮಾತು. ‘ಕರ್ತನು ನನಗೆ ಹೇಳಿದನು’ ಎಂಬ ವಾಕ್ಯದಷ್ಟು ಹಗುರವಾಗಿ ದೇವರ ಹೆಸರನ್ನು ಬಳಸುವ ಮಾತು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಮದುವೆ ಸಂಬಂಧ ನೋಡುವಾಗ ‘ಈ ಹುಡುಗೀನೇ ಎಂದು ಕರ್ತನು ತೋರಿಸಿದ್ದಾನೆ’ ಎಂದುಬಿಟ್ಟರೆ, ಆ ಹುಡುಗಿ ಒಲ್ಲೆ ಎಂದಾಗ ದೇವರನ್ನೇ ತಿರಸ್ಕರಿಸಿದಂತಾಗುತ್ತದೆ. ಇದು ಆಕೆಯ ಮೇಲೆ ಮಾಡುವ ಬಲವಂತ, ಅದೂ ದೇವರ ಹೆಸರು ಮುಂದಿಟ್ಟು. ತಮ್ಮ ಮಾತನ್ನೇ ಆಡಿ ‘ಇದು ದೇವರ ನುಡಿ’ ಎನ್ನುವ ಪ್ರವಾದಿಗಳಿಗೆ ನಾನು ವಿರೋಧಿ ಎಂದು ಯೆರೆಮೀಯ 23:31ರಲ್ಲಿ ದೇವರೇ ಹೇಳಿದ್ದಾನೆ. ಮನಸ್ಸಿಗೆ ಬಂದದ್ದನ್ನು ‘ನನಗೆ ಹೀಗೆ ಅನ್ನಿಸುತ್ತಿದೆ, ನೀವೂ ಪ್ರಾರ್ಥಿಸಿ ನೋಡಿ’ ಎಂದು ಹೇಳಿದರೆ ಸಾಕು, ಎದುರಿಗಿರುವವರಿಗೆ ಒಲ್ಲೆ ಎನ್ನುವ ಜಾಗ ಉಳಿಯುತ್ತದೆ.

ಪ್ರಾರ್ಥನೆಯಿಂದ ಕಾಯಿಲೆ ಗುಣವಾಯಿತೆಂದು ಸಭೆಯ ಮುಂದೆ ಹೇಳುವ ಸಾಕ್ಷಿಗಳಲ್ಲೂ ಇದೇ ಎಚ್ಚರ ಬೇಕು. ಸಾಕ್ಷಿ ಹೇಳಿಸುವ ಮುಂಚೆ ಹಿರಿಯರಲ್ಲಿ ಒಬ್ಬರು ಆ ವ್ಯಕ್ತಿಯ ಜೊತೆ ಕೂತು ಮೂರು ವಿಷಯ ಕೇಳಲಿ: ಕಾಯಿಲೆ ಏನೆಂದು ಡಾಕ್ಟರು ಹೇಳಿದ್ದರು, ಈಗಿನ ರಿಪೋರ್ಟಿನಲ್ಲಿ ಏನಿದೆ, ಮಾತ್ರೆ ಮುಂದುವರಿಯುತ್ತಿದೆಯೇ. ಸಕ್ಕರೆ ಕಾಯಿಲೆಯವರು, ಮೂರ್ಛೆ ರೋಗದವರು ಸಾಕ್ಷಿ ಕೇಳಿದ ಹುಮ್ಮಸ್ಸಿನಲ್ಲಿ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ‘ಡಾಕ್ಟರ್ ಹೇಳದೆ ಯಾರೂ ಔಷಧಿ ಬಿಡಬೇಡಿ’ ಎಂದು ವೇದಿಕೆಯಿಂದಲೇ ಹೇಳಬೇಕು. ಚಿಕಿತ್ಸೆಯಿಂದ ಗುಣವಾಗಿದ್ದರೆ ಹಾಗೆಂದೇ ಹೇಳಿ ಸ್ತೋತ್ರ ಸಲ್ಲಿಸಿ. ಉಪ್ಪುಖಾರ ಹಚ್ಚಿದ ಸಾಕ್ಷಿ ದೇವರಿಗೆ ಬೇಕಾಗಿಲ್ಲ.

ಪ್ರಾರ್ಥನೆಯಲ್ಲಿ ‘ಕರ್ತನೇ, ತಂದೆಯೇ’ ಎಂಬುದು ಮಾತು ತಡವರಿಸಿದಾಗ ತುಂಬುವ ಶಬ್ದವಾಗಿಬಿಟ್ಟಿದೆ. ಬಾಯಿ ತೆರೆಯುವ ಮೊದಲು ಬೇಡಬೇಕಾದ ಎರಡು ಮೂರು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮಾತು ನಿಂತಾಗ ನಿಲ್ಲಲಿ, ಮೌನವಿದ್ದರೆ ತಪ್ಪೇನಿಲ್ಲ. ಇನ್ನೊಬ್ಬರ ಮನೆಯ ಗುಟ್ಟನ್ನು ಪ್ರಾರ್ಥನಾ ವಿಷಯ ಎಂದು ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ.

ಕಾಣಿಕೆ ಹಣದಲ್ಲಿ ಅಪೊಸ್ತಲ ಪೌಲನ ಕ್ರಮ ನೋಡಿ ಕಲಿಯಬೇಕು. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣಕ್ಕೆ ಆತ ಒಬ್ಬನೇ ಕೈಹಾಕಲಿಲ್ಲ, ತನ್ನ ಜೊತೆಗೆಲಸದ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಎಂಬುದು ಅದಕ್ಕೆ ಆತ ಕೊಡುವ ಕಾರಣ (2 ಕೊರಿಂಥ 8:16–22). ಆರಾಧನೆ ಮುಗಿದ ಕೂಡಲೇ, ಸಂಬಂಧಿಕರಲ್ಲದ ಇಬ್ಬರು ಅಲ್ಲೇ ಕೂತು ಎಣಿಸಲಿ. ನೋಟು, ಚಿಲ್ಲರೆ ಬೇರೆಬೇರೆಯಾಗಿ ಪೆನ್ನಿನಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಮರುದಿನವೇ ಅಷ್ಟೂ ಮೊತ್ತ ಬ್ಯಾಂಕಿಗೆ ಹೋಗಲಿ, ಖರ್ಚಿಗೆಂದು ಮೊದಲೇ ತೆಗೆದಿಟ್ಟರೆ ಚೀಟಿಯ ಲೆಕ್ಕಕ್ಕೂ ಪಾಸ್‌ಬುಕ್ಕಿಗೂ ತಾಳೆ ಬರುವುದಿಲ್ಲ. ಚೀಲವನ್ನು ಒಬ್ಬರೇ ಮನೆಗೆ ಒಯ್ದು ಎಣಿಸುವ ಪದ್ಧತಿ ಇರುವ ಕಡೆ, ಒಯ್ಯುವವರು ಎಷ್ಟೇ ಪ್ರಾಮಾಣಿಕರಾದರೂ ಸಂಶಯ ಹುಟ್ಟಿದ ದಿನ ಅವರ ಹತ್ತಿರ ತೋರಿಸಲು ಕಾಗದವೇ ಇರುವುದಿಲ್ಲ. ಆಮೇಲೆ ಊರವರ ಬಾಯಲ್ಲಿ ಆಡಿಕೊಳ್ಳುವ ಮಾತಾಗುವುದು ಕ್ರಿಸ್ತನ ಹೆಸರು.

ಈಗಾಗಲೇ ತಪ್ಪಿಬಿಟ್ಟಿದ್ದರೆ ಏನು ಮಾಡಬೇಕು? ಯಾಜಕಕಾಂಡ 6ರ ಮೊದಲ ವಚನಗಳಲ್ಲಿ ಅದರ ಕ್ರಮವಿದೆ. ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಇಲ್ಲವೆಂದವನು, ಸಿಕ್ಕಿದ್ದನ್ನು ಸಿಕ್ಕಿಲ್ಲ ಎಂದವನು, ಅದರ ಮೇಲೆ ಸುಳ್ಳಾಣೆ ಇಟ್ಟವನು ಪೂರ್ತಿ ಅಸಲು ಹಿಂದಿರುಗಿಸಬೇಕು, ಅದಕ್ಕೆ ಐದನೆಯ ಒಂದು ಪಾಲು ಸೇರಿಸಬೇಕು, ಪ್ರಾಯಶ್ಚಿತ್ತಕ್ಕಾಗಿ ಟಗರಿನ ಯಜ್ಞಕ್ಕೆ ಬರುವ ದಿನವೇ ಒಡೆಯನ ಕೈಗೆ ಕೊಡಬೇಕು. ಅಂದರೆ 25,000 ರೂಪಾಯಿ ಮುಚ್ಚಿಟ್ಟಿದ್ದರೆ ಕೊಡಬೇಕಾದದ್ದು 30,000. ಆ ಟಗರಿನ ಯಜ್ಞ ಕ್ರಿಸ್ತನಲ್ಲಿ ನೆರವೇರಿತು, ಒಡೆಯನ ಬಾಕಿ ಮಾತ್ರ ಹಾಗೇ ಇದೆ. ಸುಂಕದವರ ಮುಖ್ಯಸ್ಥ ಜಕ್ಕಾಯ ಕರ್ತನನ್ನು ಮನೆಗೆ ಬರಮಾಡಿಕೊಂಡ ದಿನ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ.

ಬಾಕಿ ತೀರಿಸಲು ಹೋಗುವ ಮೊದಲು ಯಾರಿಗೆ, ಎಷ್ಟು, ಯಾವ ಸುಳ್ಳು ಹೇಳಿದ್ದೆ ಎಂದು ಬರೆದುಕೊಳ್ಳಿ. ಹೇಳುವಾಗ ‘ಆಗ ನನ್ನ ಪರಿಸ್ಥಿತಿ ಹಾಗಿತ್ತು’ ಎಂದು ಶುರುಮಾಡಬೇಡಿ, ಅಲ್ಲಿಂದ ಮಾತು ಜಾರಿ ಅವರೇ ನಿಮ್ಮನ್ನು ಸಮಾಧಾನ ಮಾಡುವಂತಾಗುತ್ತದೆ. ಸುಳ್ಳನ್ನು ನಾಲ್ಕು ಜನರೆದುರು ಹೇಳಿದ್ದರೆ ಆ ನಾಲ್ವರೆದುರೇ ತಿದ್ದಬೇಕು. ಒಟ್ಟಿಗೆ ಕೊಡಲಾಗದಿದ್ದರೆ ಇದ್ದಷ್ಟು ಕೊಟ್ಟು ಉಳಿದ ಕಂತಿಗೆ ತಾರೀಕು ಬರೆದುಕೊಡಿ. ಅವರು ಕ್ರೈಸ್ತರಲ್ಲದಿದ್ದರೆ ಹಣದ ಜೊತೆ ಕರಪತ್ರ ಕೊಡಬೇಡಿ, ಕೂಟಕ್ಕೆ ಕರೆಯಬೇಡಿ. ಅವರಿಗೆ ಬರಬೇಕಾದದ್ದು ಅವರಿಗೆ ಮುಟ್ಟಲಿ, ಅಷ್ಟೇ. ಒಡೆಯ ತೀರಿಕೊಂಡಿದ್ದರೆ ಹತ್ತಿರದ ಬಂಧುವಿಗೆ ಕೊಡಬೇಕು, ಬಂಧುವೂ ಇಲ್ಲದಿದ್ದರೆ ಅದು ಯೆಹೋವನಿಗೆ ಸೇರಿದ್ದು ಎನ್ನುತ್ತದೆ ಅರಣ್ಯಕಾಂಡ 5:8. ಹಾಗಾದಾಗ ಅದನ್ನು ನಿಮ್ಮ ದಶಮಭಾಗದ, ಅಂದರೆ ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆಯ, ಲೆಕ್ಕಕ್ಕೆ ಸೇರಿಸಬೇಡಿ. ಬೇರೆಯೇ ಲಕೋಟೆಯಲ್ಲಿ, ನಿಮ್ಮ ಹೆಸರು ಬರೆಯದೆ, ಬಡವರ ನಿಧಿಗೆ ಹಾಕಿ.